ರೆಪ್ಪೆಯ ಮೇಲೆ ತಲೆಗೂದಲು

ನನ್ನ ಎಡಗಣ್ಣಿನ ಮೇಲ್ರೆಪ್ಪೆಯ ಹೊರಗಿನ ಅರ್ಧಕ್ಕೆ ಹನ್ನೊಂದು ವರ್ಷ ಕೂದಲೇ ಇರಲಿಲ್ಲ. ಕಾರಿನ ಗಾಜು ಒಡೆದು ರೆಪ್ಪೆಯ ಅಂಚನ್ನು ಸೀಳಿತ್ತು. ಏಳು ಹೊಲಿಗೆ. ಸದ್ಯ ಕಣ್ಣು ಉಳಿಯಿತಲ್ಲ ಎಂದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ. ಕಣ್ಣೇ ಉಳಿದಿರುವಾಗ ನಾಲ್ಕು ಕೂದಲು ಹೋದದ್ದು ಯಾವ ಲೆಕ್ಕ?

ಲೆಕ್ಕ ಇದೆ ಅಂತ ಆಮೇಲೆ ಗೊತ್ತಾಯಿತು. ರೆಪ್ಪೆಗೂದಲು ಇರುವವರೆಗೆ ಅದರ ನೆನಪೇ ಬರುವುದಿಲ್ಲ. ಹೋದಮೇಲೆ ಬೈಕಿನ ಹಿಂದೆ ಕೂತರೆ ಎಡಗಣ್ಣಲ್ಲಿ ಮಾತ್ರ ನೀರು. ಫ್ಯಾನಿನ ಕೆಳಗೆ ಓದಲು ಕೂತರೆ ಎಡಗಣ್ಣಿಗೆ ಮಾತ್ರ ಉರಿ. ಈ ಕೂದಲು ಕಣ್ಣಿನ ಮುಂದೆ ಗಾಳಿಯ ಓಟವನ್ನು ತಗ್ಗಿಸುತ್ತದಂತೆ. ಅದರಿಂದ ಕಣ್ಣೀರು ಬೇಗ ಆರುವುದಿಲ್ಲ, ದೂಳೂ ಕಡಿಮೆ ಕೂರುತ್ತದೆ. 2015ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಬೇರೆಬೇರೆ ಪ್ರಾಣಿಗಳ ರೆಪ್ಪೆಗೂದಲು ಅಳೆದು, ಗಾಳಿ ಹಾಯಿಸಿ ನೋಡಿ, ಕಣ್ಣಿನ ಅಗಲದ ಮೂರರಲ್ಲೊಂದು ಪಾಲು ಉದ್ದ ಇದ್ದರೆ ಸರಿಯಾದ ಅಳತೆ ಅಂದರು. ಅದಕ್ಕಿಂತ ಉದ್ದವಾದರೆ ಅದೇ ಕೂದಲು ಗಾಳಿಯನ್ನು ಕಣ್ಣಿನ ಕಡೆಗೆ ತಿರುಗಿಸುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆದರೆ ನಿಜ ಹೇಳಬೇಕೆಂದರೆ ನಾನು ಡಾಕ್ಟರ ಹತ್ತಿರ ಹೋದದ್ದು ಗಾಳಿಗಾಗಿ ಅಲ್ಲ. ಎರಡು ಕಣ್ಣೂ ಒಂದೇ ಥರ ಕಾಣಲಿ ಅಂತ. "ಯಾಕೆ, ನಿದ್ದೆ ಸರಿಯಾಗಿಲ್ವಾ?" ಅಂತ ಕೇಳಿಸಿಕೊಂಡು ಸಾಕಾಗಿತ್ತು. ನೋಡಿದವರಿಗೆ ಏನು ಕಮ್ಮಿ ಅಂತ ಗೊತ್ತಾಗುವುದಿಲ್ಲ, ಏನೋ ಕಮ್ಮಿ ಅಂತ ಮಾತ್ರ ಗೊತ್ತಾಗುತ್ತದೆ.

ಅದಕ್ಕೂ ಮುಂಚೆ ಸುಲಭದ ದಾರಿಗಳನ್ನೆಲ್ಲ ನೋಡಿ ಆಗಿತ್ತು. ಮಸ್ಕಾರಾ ಹಚ್ಚಲು ಕೂದಲು ಬೇಕು. ಅಂಟಿಸುವ ಕೂದಲನ್ನು ಅರ್ಧಕ್ಕೆ ಕತ್ತರಿಸಿ ಅಂಟಿಸಿಕೊಳ್ಳುತ್ತಿದ್ದೆ. ಗಾಯದ ಕಲೆಯ ಮೇಲೆ ಅಂಟು ತುರಿಸುತ್ತಿತ್ತು, ಸಂಜೆ ಹೊತ್ತಿಗೆ ಒಂದು ತುದಿ ಎದ್ದು ನಿಲ್ಲುತ್ತಿತ್ತು. ಆಮೇಲೆ ಯಾರೋ ಬಿಮಾಟೊಪ್ರೋಸ್ಟ್ ಹೆಸರು ಹೇಳಿದರು. ಅದು ಮೊದಲು ಗ್ಲಾಕೋಮಾಗೆ, ಅಂದರೆ ಕಣ್ಣಿನ ನರ ಹಾಳುಮಾಡುವ ಕಾಯಿಲೆಗೆ, ಕೊಡುತ್ತಿದ್ದ ಕಣ್ಣಿನ ಹನಿ. ಹಾಕಿಕೊಂಡವರ ರೆಪ್ಪೆಗೂದಲು ಉದ್ದವಾಗುವುದು ಕಂಡು, 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನೇ ಲ್ಯಾಟಿಸ್ ಎಂಬ ಹೆಸರಲ್ಲಿ ರೆಪ್ಪೆಗೂದಲಿಗೂ ಒಪ್ಪಿತು. ತೆಳ್ಳಗಾದ ಕೂದಲಿಗೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಹಚ್ಚಿಕೊಳ್ಳುವುದು ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮೊದಲಿನ ಥರ ಆಗುತ್ತದೆ. ಕೆಲವರಿಗೆ ಕಣ್ಣು ಕೆಂಪಾಗುತ್ತದೆ, ರೆಪ್ಪೆಯ ಚರ್ಮ ಕಪ್ಪಾಗುತ್ತದೆ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ಗಾಢವಾಗಿ ಹಾಗೇ ಉಳಿಯುವುದೂ ಉಂಟು. ನನ್ನ ವಿಷಯದಲ್ಲಿ ಅದೆಲ್ಲ ಬೇಕಾಗಲೇ ಇಲ್ಲ. ಔಷಧ ಕೂದಲನ್ನು ಬೆಳೆಸುತ್ತದೆ, ಬೇರನ್ನು ಹುಟ್ಟಿಸುವುದಿಲ್ಲ. ನನ್ನ ಗಾಯದ ಕಲೆಯಲ್ಲಿ ಕೂದಲಿನ ಬೇರೇ ಇರಲಿಲ್ಲ.

ಮೊದಲು ಹೋದದ್ದು ಒಂದು ಕೂದಲು ಕಸಿ ಕ್ಲಿನಿಕ್ಕಿಗೆ. ಹೆಸರು ಬೇಡ. ಅಲ್ಲಿ ನನ್ನ ಜೊತೆ ಮಾತಾಡಿದವರು ಡಾಕ್ಟರೇ ಅಲ್ಲ, ಸಲಹೆಗಾರ್ತಿ. ನೋವೇ ಇಲ್ಲ, ಒಂದೇ ಗಂಟೆ, ಜೀವನಪೂರ್ತಿ ಗ್ಯಾರಂಟಿ ಅಂದರು. ಕಣ್ಣಿಗೆ ಟಾರ್ಚ್ ಕೂಡ ಬಿಡಲಿಲ್ಲ. ಕೂದಲು ಯಾಕೆ ಹೋಯಿತು ಅಂತ ಕೇಳಲಿಲ್ಲ. ಅಡ್ವಾನ್ಸ್ ಎಷ್ಟು ಕಟ್ಟುತ್ತೀರಿ ಅಂತ ಕೇಳಿದರು. ಎದ್ದು ಬಂದೆ.

ಎರಡನೆಯವರು ಆಕ್ಯುಲೋಪ್ಲಾಸ್ಟಿಕ್ ಸರ್ಜನ್, ಅಂದರೆ ಕಣ್ಣಿನ ಸುತ್ತಲಿನ ಪ್ಲಾಸ್ಟಿಕ್ ಸರ್ಜರಿಯನ್ನೇ ಕಲಿತ ಕಣ್ಣಿನ ಡಾಕ್ಟರು. ಅವರ ಮೊದಲ ಪ್ರಶ್ನೆಯೇ "ಹೇಗೆ ಹೋಯ್ತು?" ಅಂತ. ಕಾರಣ ಗೊತ್ತಿದ್ದರೂ ಬೇರೆ ಕಾರಣಗಳನ್ನೆಲ್ಲ ಒಂದೊಂದಾಗಿ ಕೇಳಿ ತೆಗೆದುಹಾಕಿದರು. ಥೈರಾಯ್ಡ್ ಇದೆಯಾ? ತಲೆಯಲ್ಲಿ, ಹುಬ್ಬಿನಲ್ಲಿ ದುಂಡಗೆ ಕೂದಲು ಉದುರಿದ್ದುಂಟಾ? ನೀವೇ ಕಿತ್ತುಕೊಳ್ಳುವ ಅಭ್ಯಾಸ ಇದೆಯಾ? ಕೊನೆಯ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟೇ ಬಂತು. ಆಮೇಲೆ ಅವರು ಬಿಡಿಸಿ ಹೇಳಿದರು. ಕಿತ್ತುಕೊಳ್ಳುವುದು ಒಂದು ಕಾಯಿಲೆ. ಅದು ಹತೋಟಿಗೆ ಬರದಿದ್ದರೆ ನೆಟ್ಟ ಕೂದಲನ್ನೂ ಕೈ ಬಿಡುವುದಿಲ್ಲ. ದುಂಡಗೆ ಕೂದಲು ಉದುರುವ ಅಲೊಪೇಸಿಯಾ ಏರಿಯಾಟಾದಲ್ಲಿ ಮೈಯ ರಕ್ಷಣಾ ಪಡೆಯೇ ಕೂದಲಿನ ಬೇರಿನ ಮೇಲೆ ಬೀಳುತ್ತದೆ. ಅದು ಜೋರಾಗಿರುವಾಗ ಹೊಸ ಕೂದಲು ನೆಟ್ಟರೆ ಅದರ ಮೇಲೂ ಬೀಳುತ್ತದೆ. ಕೀಮೋಥೆರಪಿಯಲ್ಲಿ ಉದುರಿದ ರೆಪ್ಪೆಗೂದಲು ಸಾಮಾನ್ಯವಾಗಿ ತಾನೇ ಬರುತ್ತದೆ, ಕಾಯಬೇಕಷ್ಟೆ. ಇನ್ನೊಂದು ಮಾತನ್ನು ಅವರು ಒತ್ತಿ ಹೇಳಿದರು. ಗಾಯ ಇಲ್ಲದೆ, ರೆಪ್ಪೆಯ ಒಂದೇ ಜಾಗದಲ್ಲಿ ಕೂದಲು ಉದುರಿ ಅಲ್ಲಿ ಗಂಟೋ ವಾಸಿಯಾಗದ ಹುಣ್ಣೋ ಇದ್ದರೆ ಅದು ರೆಪ್ಪೆಯ ಕ್ಯಾನ್ಸರ್ ಇರಬಹುದು. ಅಂಥವರು ಕೂದಲಿನ ಮಾತು ಬಿಟ್ಟು ಮೊದಲು ಅದನ್ನು ಪರೀಕ್ಷೆ ಮಾಡಿಸಬೇಕು.

ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಗಿಸಿ ಐದು ನಿಮಿಷ ಕೂರಿಸಿದರು, ಕಣ್ಣೀರು ಎಷ್ಟು ಬರುತ್ತದೆ ಅಂತ ನೋಡಲು. ಕಣ್ಣು ಒಣಗುವವರಿಗೆ, ರೆಪ್ಪೆಯ ಅಂಚು ಸದಾ ಊದಿ ಹೊಟ್ಟು ಕಟ್ಟುವವರಿಗೆ ಮೊದಲು ಅದು ಸರಿಯಾಗಬೇಕಂತೆ.

ಆಮೇಲೆ ಅವರು ಮಾಡಿದ ಒಂದು ಕೆಲಸ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ತಲೆಯ ಹಿಂಭಾಗದಿಂದ ಒಂದು ಕೂದಲು ಕಿತ್ತು ಬಿಳಿ ಕಾಗದದ ಮೇಲೆ ಇಟ್ಟರು. ಪಕ್ಕದಲ್ಲಿ ನನ್ನದೇ ಬಲಗಣ್ಣಿನಿಂದ ಉದುರಿದ ಒಂದು ರೆಪ್ಪೆಗೂದಲು. ಒಂದು ನೆಟ್ಟಗೆ, ಒಂದೇ ದಪ್ಪ. ಇನ್ನೊಂದು ಕುಡುಗೋಲಿನ ಥರ ಬಾಗಿ, ತುದಿಗೆ ಬರುತ್ತ ಚೂಪು.

"ನೆಡೋದು ಇದನ್ನ," ಅಂತ ಉದ್ದದ್ದನ್ನು ತೋರಿಸಿದರು. "ಇದಕ್ಕೆ ತಾನು ರೆಪ್ಪೆಗೆ ಬಂದಿದ್ದೀನಿ ಅಂತ ಗೊತ್ತಾಗಲ್ಲ."

ಇಡೀ ವಿಷಯ ಈ ಒಂದು ಮಾತಿನಲ್ಲಿದೆ. ರೆಪ್ಪೆಗೂದಲು ಒಂದೆರಡು ತಿಂಗಳು ಮಾತ್ರ ಬೆಳೆಯುತ್ತದೆ. ಹತ್ತು ಮಿಲಿಮೀಟರಿನ ಆಸುಪಾಸಿಗೆ ನಿಲ್ಲುತ್ತದೆ, ಕೆಲವು ತಿಂಗಳಾದ ಮೇಲೆ ಉದುರುತ್ತದೆ. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಎಲ್ಲಿ ನೆಟ್ಟರೂ ಕೂದಲು ತನ್ನ ಹುಟ್ಟಿದ ಜಾಗದ ಗುಣ ಬಿಡುವುದಿಲ್ಲ ಅಂತ ನಾರ್ಮನ್ ಒರೆಂಟ್ರೈಕ್ ಎಂಬ ಅಮೆರಿಕದ ಚರ್ಮದ ಡಾಕ್ಟರು 1959ರಲ್ಲಿ ತೋರಿಸಿದರು. ಬೋಳುತಲೆಯವರಿಗೆ ಅದೇ ವರ. ಹಿಂದಲೆಯ ಕೂದಲು ಮುಂದೆ ಬಂದು ಉದುರದೆ ನಿಲ್ಲುತ್ತದೆ. ನನ್ನಂಥವರಿಗೆ ಅದೇ ಜೀವನಪೂರ್ತಿ ಚಾಕರಿ. ಕತ್ತರಿಸುತ್ತಿರಬೇಕು, ಬಾಗಿಸುತ್ತಿರಬೇಕು. "ಎರಡು ವಾರಕ್ಕೊಮ್ಮೆ ಕತ್ತರಿ ಹಿಡಿಯೋಕೆ ಆಗಲ್ಲ ಅಂದ್ರೆ ಈಗಲೇ ಹೇಳಿ, ನಾನು ಮಾಡಲ್ಲ," ಅಂದರು. ಗ್ಯಾರಂಟಿ ಕೊಟ್ಟವರಿಗಿಂತ ಈ ಬೆದರಿಕೆ ಹಾಕಿದವರ ಮೇಲೆ ನನಗೆ ನಂಬಿಕೆ ಬಂತು.

ದೂಳು, ಗಾಳಿ ತಡೆಯುತ್ತದಾ ಅಂತ ಕೇಳಿದೆ. "ಆ ಮಾತು ಕೊಡಲ್ಲ. ನೋಡೋಕೆ ಚೆನ್ನಾಗಿರುತ್ತೆ ಅಂತ ಮಾಡೋದು." ಇನ್ನೂ ಒಂದು ಎಚ್ಚರಿಕೆ ಕೊಟ್ಟರು. ಕಲೆಯಾದ ಚರ್ಮದಲ್ಲಿ ರಕ್ತದ ಓಡಾಟ ಕಡಿಮೆ. ಅಲ್ಲಿ ನೆಟ್ಟದ್ದೆಲ್ಲ ಬದುಕುವುದಿಲ್ಲ. ಒತ್ತೊತ್ತಾಗಿ ನೆಟ್ಟರೆ ಇನ್ನೂ ಕಷ್ಟ. ಮೊದಲು ಸ್ವಲ್ಪ ನೆಡೋಣ, ಬೇಕಾದರೆ ವರ್ಷ ಬಿಟ್ಟು ಇನ್ನೊಮ್ಮೆ ಅಂದರು.

ಒಂದು ತಿಂಗಳು ಯೋಚಿಸಿದೆ. ಆಗ ಓದಿದ್ದು: ಈ ಶಸ್ತ್ರಚಿಕಿತ್ಸೆ ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಕ್ರೂಸಿಯಸ್ ಎಂಬ ಕಣ್ಣಿನ ಡಾಕ್ಟರು 1914ರಲ್ಲೇ ರೆಪ್ಪೆಗೆ ಕೂದಲು ನೆಡುವ ಬಗ್ಗೆ ಬರೆದಿದ್ದರು. ಬಾಗಿದ ಸೂಜಿಯಿಂದ ಕೂದಲು ಪೋಣಿಸುವ ಈಗಿನ ಕ್ರಮಕ್ಕೆ ಬ್ರೆಜಿಲ್‌ನ ಮಾರ್ಸೆಲೊ ಗ್ಯಾಂಡೆಲ್‌ಮನ್ ಹೆಸರು ಮಾಡಿದವರು. ಸುಟ್ಟವರಿಗೆ, ಗಾಯವಾದವರಿಗೆ, ಕುಷ್ಠರೋಗದಲ್ಲಿ ರೆಪ್ಪೆಗೂದಲು ಹೋದವರಿಗೆ ಅಂತಲೇ ಬೆಳೆದ ವಿದ್ಯೆ ಇದು. ಅಂದಕ್ಕಾಗಿ ಮಾಡಿಸಿಕೊಳ್ಳುವವರು ಜಾಸ್ತಿಯಾದದ್ದು ಈಚೆಗೆ.

ಆಪರೇಷನ್ ದಿನ ಅಕ್ಕ ಜೊತೆಗೆ ಬಂದಳು. ಹಿಂದಿನ ರಾತ್ರಿಯಿಂದ ಮುಖಕ್ಕೆ ಏನೂ ಹಚ್ಚುವಂತಿರಲಿಲ್ಲ. ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ಮೂರು ಜನ ಮೂರು ಸಲ ಕೇಳಿದರು. ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು.

ತಲೆಯ ಹಿಂದೆ ಮರಗಟ್ಟಿಸಿ ಒಂದು ಸಣ್ಣ ಪಟ್ಟಿ ಚರ್ಮ ತೆಗೆದರು, ಕೂದಲು ಉದ್ದಕ್ಕೇ ಇರುವಂತೆ. ಸೂಜಿಗೆ ಪೋಣಿಸಲು ಉದ್ದ ಬೇಕಲ್ಲ. ಅಲ್ಲಿ ಹೊಲಿಗೆ ಹಾಕಿದರು. ಪಕ್ಕದ ಮೇಜಿನಲ್ಲಿ ಇಬ್ಬರು ಮೈಕ್ರೋಸ್ಕೋಪಿನ ಕೆಳಗೆ ಒಂದೊಂದೇ ಕೂದಲನ್ನು ಬೇರಿನ ಸಮೇತ ಬಿಡಿಸುತ್ತ ಕೂತರು. ತಲೆಯಲ್ಲಿ ಎರಡು ಮೂರು ಕೂದಲು ಒಂದೇ ಗುಂಪಾಗಿ ಹುಟ್ಟುತ್ತವೆ. ರೆಪ್ಪೆಗೆ ಬೇಕಾದದ್ದು ಒಂಟಿ ಕೂದಲು, ಅದರಲ್ಲೂ ತೆಳ್ಳಗಿನದು.

ಕಣ್ಣಿಗೆ ಹನಿ ಹಾಕಿ, ಕಾಂಟ್ಯಾಕ್ಟ್ ಲೆನ್ಸಿಗಿಂತ ದೊಡ್ಡದಾದ ಒಂದು ಮುಚ್ಚಳವನ್ನು ಕಣ್ಣುಗುಡ್ಡೆಯ ಮೇಲೆ ಕೂರಿಸಿದರು. ಸೂಜಿ ಜಾರಿದರೂ ಕಣ್ಣಿಗೆ ತಾಗಬಾರದು ಅಂತ. ಆಮೇಲೆ ರೆಪ್ಪೆಗೆ ಇಂಜೆಕ್ಷನ್. ನೋವೇ ಇಲ್ಲ ಅನ್ನುವವರು ಇಲ್ಲಿ ಸುಳ್ಳು ಹೇಳುತ್ತಾರೆ. ಮೊದಲ ಚುಚ್ಚಿಗೆ ಕಾಲ್ಬೆರಳುಗಳು ತಾವೇ ಮುದುಡಿದವು. ಅರ್ಧ ನಿಮಿಷ ಅಷ್ಟೆ, ಆಮೇಲೆ ರೆಪ್ಪೆ ಯಾರದೋ ಅನ್ನಿಸಿತು. ಮೈ ಸಡಿಲವಾಗಲು ಔಷಧ ಕೊಟ್ಟಿದ್ದರು, ಆದರೆ ಎಚ್ಚರವಿತ್ತು. ಸೂಜಿ ರೆಪ್ಪೆಯ ಚರ್ಮದಲ್ಲಿ ಸ್ವಲ್ಪ ಮೇಲೆ ಹೊಕ್ಕು, ಕೂದಲು ಹುಟ್ಟಬೇಕಾದ ಅಂಚಿನಲ್ಲಿ ಹೊರಬರುತ್ತದೆ. ಸೂಜಿಯ ಕಣ್ಣಿಗೆ ಕೂದಲಿನ ತುದಿ ಪೋಣಿಸಿ ಎಳೆದರೆ ಹಿಂದೆಯೇ ಬೇರು ಬಂದು ಚರ್ಮದೊಳಗೆ ಕೂರುತ್ತದೆ. ನನಗೆ ತಿಳಿಯುತ್ತಿದ್ದದ್ದು ಆ ಎಳೆತ ಮಾತ್ರ. ಶರಟಿಗೆ ಗುಂಡಿ ಹೊಲಿಯುವಾಗ ದಾರ ಕೊನೆಯಲ್ಲಿ 'ಟಕ್' ಅಂತ ನಿಲ್ಲುತ್ತದಲ್ಲ, ಹಾಗೆ. ಒಂದೊಂದು ಕೂದಲಿಗೂ ಡಾಕ್ಟರು ಕೈ ತಿರುಗಿಸಿ ಕೋನ ನೋಡಿಕೊಳ್ಳುತ್ತಿದ್ದರು. ಕೋನ ತಪ್ಪಿದರೆ ಕೂದಲು ಕಣ್ಣಿನ ಕಡೆಗೆ ಬೆಳೆಯುತ್ತದೆ. ಒಟ್ಟು ಇಪ್ಪತ್ತೆಂಟು. ನರ್ಸ್ ಜೋರಾಗಿ ಎಣಿಸುತ್ತಿದ್ದರು.

ಮುಗಿದ ಮೇಲೆ ಕನ್ನಡಿ ಕೊಟ್ಟರು. ಅರ್ಧ ರೆಪ್ಪೆಯಿಂದ ಎರಡೆರಡು ಇಂಚಿನ ಕೂದಲು ಜೋತುಬಿದ್ದಿತ್ತು. ಅಕ್ಕ ಬಾಗಿಲಲ್ಲೇ ನಿಂತು ನಗು ತಡೆಯಲು ನೋಡಿದಳು, ಆಗಲಿಲ್ಲ. "ಜಡೆ ಹಾಕಬಹುದು ಕಣೇ." ಮನೆಗೆ ಕಳಿಸುವ ಮುಂಚೆ ಕತ್ತರಿಸಿ ಗಿಡ್ಡ ಮಾಡಿದರು ಅನ್ನಿ.

ಮೊದಲ ಮೂರು ದಿನ ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಎರಡನೇ ದಿನ ನೀಲಿ, ನಾಲ್ಕನೇ ದಿನ ಹಸಿರು ಹಳದಿ. ತಲೆ ಎತ್ತರದಲ್ಲಿಟ್ಟು ಮಲಗಬೇಕು, ದಿನಾ ಮುಲಾಮು ಹಚ್ಚಬೇಕು. ಉಜ್ಜುವಂತಿಲ್ಲ, ನೀರು ರಾಚುವಂತಿಲ್ಲ, ಈಜುವಂತಿಲ್ಲ, ಕಾಂಟ್ಯಾಕ್ಟ್ ಲೆನ್ಸ್ ಹಾಕುವಂತಿಲ್ಲ. ಉಜ್ಜಬೇಡ ಅಂದರೆ ಸುಲಭ ಅನ್ನಿಸುತ್ತದೆ ಅಲ್ವಾ? ಬೆಳಿಗ್ಗೆ ಎದ್ದ ತಕ್ಷಣ ಕೈ ತಾನೇ ಕಣ್ಣಿಗೆ ಹೋಗುತ್ತದೆ. ಎರಡು ಕೈಗೂ ಕಾಲುಚೀಲ ಹಾಕಿ ಮಲಗಿದೆ. ಬೇರಿನ ಸುತ್ತ ಕಟ್ಟಿದ್ದ ಹಕ್ಕಳೆ ಏಳೆಂಟು ದಿನದಲ್ಲಿ ತಾನಾಗಿ ಬಿದ್ದುಹೋಯಿತು. ತಲೆಯ ಹೊಲಿಗೆ ಹತ್ತನೇ ದಿನ ತೆಗೆದರು. ಸುಳ್ಳೇಕೆ, ರೆಪ್ಪೆಗಿಂತ ಜಾಸ್ತಿ ಕಿರಿಕಿರಿ ಕೊಟ್ಟದ್ದು ಆ ತಲೆಯ ಹೊಲಿಗೆಯೇ.

ಮೂರನೇ ವಾರ ಕೂದಲು ಉದುರಲು ಶುರುವಾಯಿತು. ಓದುತ್ತಿದ್ದ ಪುಸ್ತಕದ ಮೇಲೆ ಒಂದು ಬಿತ್ತು. ಮಾರನೇ ದಿನ ದಿಂಬಿನ ಮೇಲೆ ಎರಡು. ಹೀಗಾಗುತ್ತದೆ ಅಂತ ಮುಂಚೆಯೇ ಹೇಳಿದ್ದರು. ನೆಟ್ಟ ಕೂದಲು ಮೊದಲ ಕೆಲವು ವಾರದಲ್ಲಿ ಉದುರುತ್ತದೆ, ಬೇರು ಒಳಗೆ ಉಳಿದು ಮೂರು ನಾಲ್ಕು ತಿಂಗಳಿಗೆ ಹೊಸದಾಗಿ ಚಿಗುರುತ್ತದೆ ಅಂತ. ಹೇಳಿದ್ದು ನೆನಪಿದ್ದರೂ ಅತ್ತೆ. ಆರನೇ ವಾರಕ್ಕೆ ರೆಪ್ಪೆ ಆಪರೇಷನ್‌ಗೆ ಮುಂಚೆ ಹೇಗಿತ್ತೋ ಹಾಗೇ ಬೋಳು. ಎರಡು ತಿಂಗಳು ನಾನು ಯಾರಿಗೂ ಫೋಟೊ ತೆಗೆಯಲು ಬಿಡಲಿಲ್ಲ. ಯಾರಾದರೂ ಮದುವೆಗೋ ಸಮಾರಂಭಕ್ಕೋ ಮುಂಚೆ ಮಾಡಿಸಿಕೊಳ್ಳೋಣ ಅಂದುಕೊಂಡಿದ್ದರೆ ಒಂದು ವರ್ಷದ ಲೆಕ್ಕ ಹಾಕಿ. ಪೂರ್ತಿ ರೂಪ ಬರಲು ಅಷ್ಟು ಬೇಕು.

ಮೂರೂವರೆ ತಿಂಗಳಿಗೆ ಬೆರಳಿಗೆ ಏನೋ ಚುಚ್ಚಿದಂತಾಯಿತು. ಗಡ್ಡದ ಕೂಳೆ ಥರ. ಕನ್ನಡಿಯಲ್ಲಿ ಮೂರು ಕಪ್ಪು ಚುಕ್ಕಿ. ಅಕ್ಕನಿಗೆ ಫೋನ್ ಮಾಡಿದೆ. ರಾತ್ರಿ ಹನ್ನೊಂದೂವರೆ ಆಗಿತ್ತು. ಅವಳು ಬೈಯಲಿಲ್ಲ.

ಐದನೇ ತಿಂಗಳು ಎಡವಟ್ಟಾಯಿತು. ಕಣ್ಣಿಗೆ ಮರಳು ಬಿದ್ದಂತೆ, ಎಷ್ಟು ತೊಳೆದರೂ ಹೋಗದು. ಬೆಳಕು ನೋಡಲಾಗದು. ಎರಡು ದಿನ ಮಾಮೂಲಿ ಅಂತ ಸುಮ್ನೆ ಇದ್ದೆ, ಅದು ನನ್ನ ತಪ್ಪು. ಡಾಕ್ಟರು ಕಣ್ಣಿಗೆ ಹಳದಿ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಮೇಲೆ ಹಸಿರಾಗಿ ಹೊಳೆಯುವ ಒಂದು ಗೀರು. ತುದಿಯಲ್ಲಿದ್ದ ಒಂದು ಕೂದಲು ಒಳಗೆ ತಿರುಗಿ ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಉಜ್ಜುತ್ತಿತ್ತು. ಕಿತ್ತರು, ಹನಿ ಕೊಟ್ಟರು, ಗೀರು ವಾಸಿಯಾಯಿತು. ಎರಡು ತಿಂಗಳಿಗೆ ಅದೇ ಕೂದಲು ಅದೇ ಕಡೆಗೆ ತಿರುಗಿ ಮತ್ತೆ ಬಂತು. ಆಮೇಲೆ ಕರೆಂಟಿನ ಸಣ್ಣ ಸೂಜಿಯಿಂದ ಆ ಬೇರನ್ನೇ ಸುಟ್ಟರು. ಒಳ್ಳೆಯ ಕೈಯಲ್ಲೂ ಇದು ಆಗಬಹುದು. ಅದಕ್ಕೇ ಈ ಕೆಲಸ ಮಾಡುವವರು ಕೂದಲು ನೆಡಲು ಮಾತ್ರ ಬಂದವರಾಗಿದ್ದರೆ ಸಾಲದು, ಕಣ್ಣಿಗೆ ತೊಂದರೆಯಾದರೆ ನೋಡಲೂ ಬರಬೇಕು. ಸೋಂಕು, ರೆಪ್ಪೆಯ ಅಂಚಿನಲ್ಲಿ ಗುಳ್ಳೆ, ರೆಪ್ಪೆ ಒಳಗೋ ಹೊರಗೋ ಮಗುಚಿಕೊಳ್ಳುವುದು, ಇವೂ ಆಗುವುದುಂಟು. ಕಣ್ಣು ನೋವು, ಕೆಂಪು, ಮಂಜು, ಏನೇ ಆದರೂ ಅದೇ ದಿನ ಹೋಗಿ. ನನ್ನ ಥರ ಎರಡು ದಿನ ಕಾಯಬೇಡಿ.

ವರ್ಷ ತುಂಬಿದಾಗ ಎಣಿಸಿದೆವು. ಹತ್ತೊಂಬತ್ತು. ಮಧ್ಯದಲ್ಲಿ, ಗಾಜು ಆಳವಾಗಿ ಹೊಕ್ಕಿದ್ದ ಕಡೆ, ಒಂದು ಸಣ್ಣ ಸಂದು ಹಾಗೇ ಇದೆ. ಬೇಕಿದ್ದರೆ ತುಂಬಿಸೋಣ ಅಂದರು. ನನಗೆ ಸಾಕು ಅನ್ನಿಸಿತು. ಐಲೈನರ್ ಎಳೆದರೆ ಆ ಸಂದು ಕಾಣುವುದೇ ಇಲ್ಲ.

ಈಗ ಗೊತ್ತಿರುವವರು ಕೇಳುತ್ತಾರೆ. ಇಬ್ಬರು ಗೆಳತಿಯರಿಗೆ ಇರುವ ಕೂದಲೇ ಇನ್ನೂ ದಟ್ಟ ಆಗಬೇಕಂತೆ. ಬೇಡ ಅಂತ ನೇರವಾಗಿ ಹೇಳಿದೆ. ಇರುವ ಬೇರುಗಳ ನಡುವೆಯೇ ಸೂಜಿ ಹಾಯಬೇಕು, ಅವಕ್ಕೂ ಪೆಟ್ಟಾಗಬಹುದು. ಮೇಲ್ರೆಪ್ಪೆಯಲ್ಲಿ ನೂರರ ಆಸುಪಾಸು ಕೂದಲು ಇರುವವರು ಇನ್ನು ಮೂವತ್ತಕ್ಕಾಗಿ ಕಣ್ಣಿನ ಅಂಚಿಗೆ ಸೂಜಿ ಚುಚ್ಚಿಸಿಕೊಳ್ಳುವುದು ನನಗೆ ಅರ್ಥವಾಗದ ವ್ಯಾಪಾರ. ಅವರಿಗೆ ಔಷಧ ಇದೆ, ಮಸ್ಕಾರಾ ಇದೆ.

ಚಾಕರಿಯ ವಿಷಯ ಹೇಳಿ ಮುಗಿಸುತ್ತೇನೆ. ಹತ್ತು ಹನ್ನೆರಡು ದಿನಕ್ಕೊಮ್ಮೆ, ಹಗಲಿನಲ್ಲಿ, ಕಿಟಕಿ ಪಕ್ಕ. ತುದಿ ಮೊಂಡಾದ ಸಣ್ಣ ಕತ್ತರಿ. ಕೂದಲನ್ನು ಸಣ್ಣ ಬಾಚಣಿಗೆಯಲ್ಲಿ ಎತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ಒಂದೊಂದೇ. ಒಂದೇ ಏಟಿಗೆ ಸಾಲಾಗಿ ಕತ್ತರಿಸಿದರೆ ಬ್ರಷ್ ಥರ ಕಾಣುತ್ತದೆ. ಒಂದು ಸ್ವಲ್ಪ ಉದ್ದ ಒಂದು ಸ್ವಲ್ಪ ಗಿಡ್ಡ ಇರಬೇಕು. ಆಮೇಲೆ ಕರ್ಲರ್ ಒತ್ತಿ ಹತ್ತು ಎಣಿಸುವುದು. ಸಂಜೆಗೆ ಮತ್ತೆ ನೆಟ್ಟಗಾಗುತ್ತದೆ, ತಲೆಗೂದಲು ತಾನೇ. ಬಾಗು ನಿಲ್ಲಲಿ ಅಂತ ಪಾರ್ಲರಿನಲ್ಲಿ ರಾಸಾಯನಿಕ ಹಾಕಿ ಲ್ಯಾಶ್ ಲಿಫ್ಟ್ ಮಾಡಿಸಿದ್ದೆ ಒಂದು ಸಲ. ನಾಲ್ಕು ವಾರ ಚೆನ್ನಾಗಿತ್ತು, ಆದರೆ ಅವತ್ತು ಕಣ್ಣು ಉರಿದದ್ದು ನೆನೆದು ಮತ್ತೆ ಹೋಗಲಿಲ್ಲ. ತಲೆ ನೆರೆತಾಗ ಈ ಹತ್ತೊಂಬತ್ತೂ ನೆರೆಯುತ್ತವೆ, ಉಳಿದ ರೆಪ್ಪೆಗೂದಲು ಇನ್ನೂ ಕಪ್ಪಗಿರುವಾಗಲೇ. ಅಕ್ಕ ಆ ದಿನಕ್ಕಾಗಿ ಕಾಯುತ್ತಿದ್ದಾಳೆ.

ಹೋದ ತಿಂಗಳು ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದೆ. ಕತ್ತರಿಯ ನೆನಪೇ ಇರಲಿಲ್ಲ. ಎದ್ದು ಕನ್ನಡಕ ಹಾಕಿಕೊಂಡರೆ ಎಡಗಡೆ ಮಾತ್ರ ಎಲ್ಲ ಮಸುಕು, ಮೊದಲಿನ ಥರ ಕಣ್ಣಲ್ಲಿ ನೀರು ಬೇರೆ. ಎದೆ ಧಸಕ್ ಅಂತು. ಕನ್ನಡಕ ತೆಗೆದು ಬೆಳಕಿಗೆ ಹಿಡಿದೆ. ಗಾಜಿನ ಒಳಮೈಯಲ್ಲಿ ಬೀಸಣಿಗೆ ಬಿಡಿಸಿದ ಹಾಗೆ ಸಣ್ಣಸಣ್ಣ ಜಿಡ್ಡಿನ ಗೆರೆಗಳು. ರೆಪ್ಪೆ ಬಡಿದಾಗಲೆಲ್ಲ ಉದ್ದ ಬೆಳೆದ ಕೂದಲು ಗಾಜು ಗುಡಿಸುತ್ತಿತ್ತು, ಗಾಳಿಯನ್ನೂ ಕಣ್ಣಿನ ಕಡೆಗೆ ತಿರುಗಿಸುತ್ತಿತ್ತೇನೋ. ಒರೆಸಿಟ್ಟು, ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡೆ.